ಆ್ಯಪ್ ಅದದೇ ಹಾಡು ಹಾಕುತ್ತಿದ್ದರೆ ಹೊಸ ಸಂಗೀತ ಹುಡುಕುವುದು ಹೇಗೆ?

ಪ್ರಶ್ನೆ: ನನಗೀಗ 43 ವರ್ಷ. ಕಾಲೇಜಿನ ದಿನಗಳಲ್ಲಿ ಆಗಾಗ ಹೊಸ ಹಾಡು, ಹೊಸ ಬ್ಯಾಂಡು ಸಿಗುತ್ತಲೇ ಇತ್ತು. ಈಗ ಫೋನಿನಲ್ಲಿ ಜಗತ್ತಿನ ಸಂಗೀತವೆಲ್ಲ ಇದೆ, ಆದರೂ ಆ್ಯಪ್ ಸುತ್ತಿ ಸುತ್ತಿ ಅದನ್ನೇ ಹಾಕುತ್ತದೆ. ‘ನಿಮಗಾಗಿ’ ಅಂತ ಬರುವ ಪಟ್ಟಿಯೂ ಒಂದೇ ಥರ ಕೇಳಿಸುತ್ತದೆ. ಇದು ಆ್ಯಪಿನ ತಪ್ಪಾ, ಈಗಿನ ಸಂಗೀತದ ತಪ್ಪಾ, ಇಲ್ಲಾ ನನಗೇ ವಯಸ್ಸಾಯಿತಾ? ದಿನಕ್ಕೆ ಅರ್ಧ ಗಂಟೆ ಬಿಡುವು ಸಿಗುತ್ತದೆ, ಅಷ್ಟರಲ್ಲಿ ಏನು ಮಾಡಬಹುದು? ಮಗಳೂ ಇದೇ ಅಕೌಂಟ್ ಬಳಸುತ್ತಾಳೆ, ಅದರಿಂದ ತೊಂದರೆ ಇದೆಯಾ? ಎಐ ಮಾಡಿದ ಹಾಡುಗಳು ಬಂದಿವೆ ಅನ್ನುತ್ತಾರೆ, ಗುರುತಿಸುವುದು ಹೇಗೆ?

ಉತ್ತರ: ವಯಸ್ಸಿನ ಮಾತನ್ನು ಮೊದಲು ಮುಗಿಸಿಬಿಡೋಣ. ಹೆಚ್ಚಿನವರು ಕೈಚೆಲ್ಲಿ ಕೂರುವುದು ಅಲ್ಲೇ. ನಮ್ಮ ನೆನಪಿನಲ್ಲಿ ಸುಮಾರು 10ರಿಂದ 30 ವರ್ಷದೊಳಗಿನ ದಿನಗಳು ಮಿಕ್ಕ ದಿನಗಳಿಗಿಂತ ಗಟ್ಟಿಯಾಗಿ ಕೂತಿರುತ್ತವೆ. ಮನಶ್ಶಾಸ್ತ್ರದವರು ಇದನ್ನು ಹಲವು ಸಲ ಪರೀಕ್ಷೆ ಮಾಡಿ ನೋಡಿದ್ದಾರೆ. ಆ ವಯಸ್ಸಿನಲ್ಲಿ ಕೇಳಿದ ಹಾಡುಗಳ ಕಥೆಯೂ ಅಷ್ಟೇ. ಆದರೆ ಹಳೆಯದು ಚೆನ್ನಾಗಿ ನೆನಪಿದೆ ಅನ್ನುವುದು ಬೇರೆ, ಹೊಸದು ಇನ್ನು ಹಿಡಿಸುವುದೇ ಇಲ್ಲ ಅನ್ನುವುದು ಬೇರೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ.

ನಿಮ್ಮಲ್ಲಿ ಬದಲಾಗಿರುವುದು ಕಿವಿಯಲ್ಲ, ಕೇಳುವ ರೀತಿ. ರಾಬರ್ಟ್ ಜಯಾಂಕ್ ಅನ್ನುವ ಮನಶ್ಶಾಸ್ತ್ರಜ್ಞ 1968ರಲ್ಲಿ ಒಂದು ಸರಳವಾದ ವಿಷಯ ತೋರಿಸಿಕೊಟ್ಟರು. ಗುರುತಿಲ್ಲದ ಯಾವುದನ್ನೇ ಆಗಲಿ, ಮತ್ತೆ ಮತ್ತೆ ಕಣ್ಣಿಗೋ ಕಿವಿಗೋ ಬೀಳಿಸಿದರೆ ಅದರ ಮೇಲೆ ಇಷ್ಟ ಬೆಳೆಯುತ್ತದೆ. ಕಾಲೇಜಿನಲ್ಲಿ ನಿಮ್ಮ ಹತ್ತಿರ ಇದ್ದ ಕ್ಯಾಸೆಟ್ಟು, ಸಿ.ಡಿ. ಎಷ್ಟು? ಒಂದು ಹೊಸದು ಕೈಗೆ ಬಂದರೆ ಮುಂದಿನದು ಬರುವವರೆಗೂ ಅದೇ ಗತಿ. ಮೊದಲ ಸಲ ಬೇಸರ ತರಿಸಿದ ಹಾಡು ಹತ್ತನೇ ಸಲಕ್ಕೆ ಅಚ್ಚುಮೆಚ್ಚು ಆಗುತ್ತಿತ್ತು. ಈಗ ಬೇಸರವಾದರೆ ಹೆಬ್ಬೆರಳು ತಾನೇ ಮುಂದಿನ ಹಾಡಿಗೆ ಹೋಗುತ್ತದೆ. ಹತ್ತನೇ ಸಲ ಅನ್ನುವುದು ಬರುವುದೇ ಇಲ್ಲ.

ಈಗಿನ ಸಂಗೀತದ ತಪ್ಪಾ ಅಂತ ಕೇಳಿದ್ದೀರಿ. ಅಲ್ಲ. ಒಳ್ಳೆಯದು ಬೇಕಾದಷ್ಟು ಬರುತ್ತಿದೆ, ನಿಮ್ಮವರೆಗೆ ತಲುಪುತ್ತಿಲ್ಲ, ಅಷ್ಟೇ. ಒಂದು ಲೆಕ್ಕ ನೋಡಿ. ಸಂಗೀತ ಉದ್ಯಮದ ಅಂಕಿಅಂಶ ಇಡುವ ಲುಮಿನೇಟ್ ಕಂಪನಿಯ ವರದಿ ಪ್ರಕಾರ 2023ರಲ್ಲಿ ಸ್ಟ್ರೀಮಿಂಗ್‌ನಲ್ಲಿದ್ದ ಟ್ರ್ಯಾಕ್‌ಗಳು 18.4 ಕೋಟಿ. ಅವುಗಳಲ್ಲಿ 15.8 ಕೋಟಿಗೂ ಜಾಸ್ತಿ ಟ್ರ್ಯಾಕ್‌ಗಳನ್ನು ಇಡೀ ವರ್ಷ ಕೇಳಿದ್ದು ಸಾವಿರ ಸಲ ಅಥವಾ ಅದಕ್ಕಿಂತ ಕಡಿಮೆ. 4.5 ಕೋಟಿಗೂ ಹೆಚ್ಚು ಟ್ರ್ಯಾಕ್‌ಗಳನ್ನು ಆ ವರ್ಷ ಒಬ್ಬರೂ ಕೇಳಿಲ್ಲ. ಇವುಗಳಲ್ಲಿ ಮಳೆಯ ಸದ್ದು, ಫ್ಯಾನಿನ ಸದ್ದು, ಅರೆಬರೆ ರೆಕಾರ್ಡಿಂಗ್ ಎಲ್ಲ ಸೇರಿದೆ ಅಂತಿಟ್ಟುಕೊಳ್ಳಿ. ಅದನ್ನು ಕಳೆದರೂ ಉಳಿಯುವುದು ಸಣ್ಣ ರಾಶಿಯಲ್ಲ.

ಇನ್ನು ಆ್ಯಪ್. ಇಲ್ಲಿ ಸ್ವಲ್ಪ ನಿಧಾನಿಸೋಣ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಅದರ ಮೇಲಿನ ಅರ್ಧ ಸಿಟ್ಟು ಇಳಿಯುತ್ತದೆ.

ನಿಮಗೆ ಯಾವ ಹಾಡು ಹಿಡಿಸಬಹುದು ಅಂತ ಯಂತ್ರ ಊಹಿಸಲು ಎರಡು ಹಳೇ ದಾರಿಗಳಿವೆ. ಒಂದು ಅಮೆರಿಕದ ಪಂಡೋರಾ ಕಂಪನಿಯದು. ಅಲ್ಲಿ ಸಂಗೀತ ಬಲ್ಲವರು ಕೂತು ಒಂದೊಂದೇ ಹಾಡು ಕೇಳಿ ಗುರುತು ಹಾಕುತ್ತಿದ್ದರು. ಲಯ ಹೇಗಿದೆ, ದನಿ ಒರಟೋ ನುಣುಪೋ, ಗಿಟಾರಿಗೆ ಡಿಸ್ಟಾರ್ಷನ್ ಇದೆಯೋ ಇಲ್ಲವೋ, ಹೀಗೆ ನೂರಾರು ಲಕ್ಷಣ. ಇನ್ನೊಂದು 2002ರಲ್ಲಿ ಶುರುವಾದ ಲಾಸ್ಟ್.ಎಫ್ಎಂ ದಾರಿ. ಅಲ್ಲಿ ಹಾಡಿನ ಒಳಗೆ ಏನಿದೆ ಅಂತ ಯಾರೂ ನೋಡುವುದಿಲ್ಲ. ಯಾರು ಏನು ಕೇಳುತ್ತಾರೆ ಅಂತ ದಾಖಲಿಸುತ್ತಾ ಹೋಗುತ್ತಾರೆ. ನೀವು ಕೇಳುವ ಐವತ್ತು ಹಾಡನ್ನು ಇನ್ನೊಬ್ಬರೂ ಕೇಳುತ್ತಾರೆ, ಅವರು ಕೇಳುವ ಐವತ್ತೊಂದನೆಯದನ್ನು ನೀವು ಕೇಳಿಲ್ಲ ಅಂದರೆ ಅದನ್ನು ನಿಮ್ಮ ಮುಂದೆ ಇಡುತ್ತಾರೆ. ಸ್ಪಾಟಿಫೈ 2014ರಲ್ಲಿ ಹಾಡುಗಳ ಮಾಹಿತಿ ವಿಶ್ಲೇಷಿಸುವ ಎಕೋ ನೆಸ್ಟ್ ಅನ್ನುವ ಕಂಪನಿಯನ್ನು ಕೊಂಡಿತು. ಮರುವರ್ಷ ಜುಲೈನಲ್ಲಿ ‘ಡಿಸ್ಕವರ್ ವೀಕ್ಲಿ’ ಬಂತು. ಪ್ರತಿ ಸೋಮವಾರ 30 ಹಾಡು. ಬೇರೆ ಬಳಕೆದಾರರು ಮಾಡಿಟ್ಟ ಪ್ಲೇಲಿಸ್ಟ್‌ಗಳಲ್ಲಿ ನಿಮ್ಮ ಮೆಚ್ಚಿನ ಹಾಡುಗಳ ಅಕ್ಕಪಕ್ಕ ಏನಿದೆ ಅಂತ ಹುಡುಕುವುದು ಅದರ ಮುಖ್ಯ ಉಪಾಯ. ಮೊದಮೊದಲು ಜನ ಬೆರಗಾದರು, ನಿಜಕ್ಕೂ ಚೆನ್ನಾಗಿತ್ತು.

ತೊಡಕು ಎಲ್ಲಿದೆ ಅಂದರೆ, ಯಾರೂ ಕೇಳದ ಹಾಡಿನ ಅಕ್ಕಪಕ್ಕ ಏನೂ ಇರುವುದಿಲ್ಲ. ಆ ಹಾಡಿನ ಬಗ್ಗೆ ಈ ಲೆಕ್ಕಕ್ಕೆ ಹೇಳಲು ಏನೂ ಇಲ್ಲ. ಹತ್ತು ಜನ ಕೇಳಿದ್ದು ನೂರು ಜನಕ್ಕೆ, ನೂರು ಜನ ಕೇಳಿದ್ದು ಸಾವಿರ ಜನಕ್ಕೆ ಹೋಗುತ್ತದೆ. ಎಲ್ಲರ ಪಟ್ಟಿಗಳೂ ನಿಧಾನಕ್ಕೆ ನಡುಮಧ್ಯಕ್ಕೆ ಬಂದು ಸೇರುತ್ತವೆ.

ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಅನ್ನುವ ಮೂವರು ಮಾಡಿದ ಒಂದು ಪ್ರಯೋಗ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹಿಟ್ ಅಂದರೇನು ಅಂತ ಯೋಚಿಸುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. 14 ಸಾವಿರಕ್ಕೂ ಹೆಚ್ಚು ಜನ, ಹೆಸರೇ ಕೇಳಿರದ ಬ್ಯಾಂಡ್‌ಗಳ 48 ಹಾಡು. ಒಂದು ಗುಂಪಿನವರಿಗೆ ಹಾಡುಗಳನ್ನಷ್ಟೇ ಕೊಟ್ಟರು. ಉಳಿದವರನ್ನು ಎಂಟು ‘ಲೋಕ’ಗಳಾಗಿ ಹಂಚಿದರು. ಅವರಿಗೆ ತಮ್ಮ ಲೋಕದಲ್ಲಿ ಯಾವ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಅಂತಲೂ ಕಾಣುತ್ತಿತ್ತು. ಹಾಡುಗಳು ಅವೇ, ಆದರೆ ಒಂದೊಂದು ಲೋಕದಲ್ಲಿ ಒಂದೊಂದು ಹಾಡು ಗೆದ್ದಿತು. ಒಂದು ಕಡೆ ಮೊದಲ ಸ್ಥಾನಕ್ಕೆ ಏರಿದ್ದು ಇನ್ನೊಂದು ಕಡೆ ತೀರಾ ಕೆಳಗೆ ಬಿದ್ದಿತ್ತು. ತುಂಬಾ ಒಳ್ಳೆಯದು ಪೂರ್ತಿ ಸೋತಿದ್ದು ಕಡಿಮೆ, ತೀರಾ ಕೆಟ್ಟದ್ದು ಗೆದ್ದಿದ್ದೂ ಕಡಿಮೆ. ನಡುವಿನದ್ದೆಲ್ಲ ಅದೃಷ್ಟದ ಆಟ. ಈಗ ಟಾಪ್ 50 ಪಟ್ಟಿಯನ್ನು ಅದೇ ಕಣ್ಣಿನಿಂದ ನೋಡಿ.

ಇನ್ನೊಂದು ವಿಷಯ. ಸ್ಪಾಟಿಫೈಯಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಅಂತ ಲೆಕ್ಕ. ಹಾಗಾಗಿ ಮೊದಲ ಅರ್ಧ ನಿಮಿಷದಲ್ಲಿ ಕೇಳುಗ ಓಡಿಹೋಗಬಾರದು. ಅಮೆರಿಕದ ಟಾಪ್ ಹಾಡುಗಳ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. 1980ರ ದಶಕದ ನಡುವಿನಲ್ಲಿ ಹಾಡುಗಾರಿಕೆ ಶುರುವಾಗುವ ಮುಂಚಿನ ವಾದ್ಯದ ಭಾಗ ಸರಾಸರಿ 20 ಸೆಕೆಂಡಿಗೂ ಹೆಚ್ಚಿತ್ತು. 2015ರ ಹೊತ್ತಿಗೆ ಅದು ಸುಮಾರು 5 ಸೆಕೆಂಡಿಗೆ ಇಳಿದಿತ್ತು. ‘ಎಲ್ಲ ಒಂದೇ ಥರ ಕೇಳಿಸುತ್ತದೆ’ ಅನ್ನುವ ನಿಮ್ಮ ದೂರಿಗೆ ಇದೂ ಒಂದು ಕಾರಣ ಇರಬಹುದು. ಜೊತೆಗೆ ಸ್ಪಾಟಿಫೈಯಲ್ಲಿ 2020ರಲ್ಲಿ ಬಂದ ‘ಡಿಸ್ಕವರಿ ಮೋಡ್’ ಇದೆ. ಕಲಾವಿದರೋ ಲೇಬಲ್ಲೋ (ಅಂದರೆ ಹಾಡು ಹೊರತರುವ ಕಂಪನಿಯೋ) ಕಡಿಮೆ ರಾಯಲ್ಟಿಗೆ ಒಪ್ಪಿದರೆ, ತಾನಾಗಿ ಓಡುವ ರೇಡಿಯೊ, ಆಟೋಪ್ಲೇಗಳಲ್ಲಿ ಅವರ ಹಾಡಿಗೆ ಹೆಚ್ಚು ಅವಕಾಶ. ಹಿಂದೆ ಅಮೆರಿಕದ ರೇಡಿಯೊಗಳಲ್ಲಿ ಗುಟ್ಟಾಗಿ ದುಡ್ಡು ಕೊಟ್ಟು ಹಾಡು ಹಾಕಿಸುತ್ತಿದ್ದರು. ಅದು ದೊಡ್ಡ ರಾದ್ಧಾಂತವಾಗಿ 1960ರಲ್ಲಿ ಕಾನೂನೇ ಬಂತು. ಇದು ಅದಲ್ಲ, ಕಾನೂನಿಗೆ ವಿರುದ್ಧವೂ ಅಲ್ಲ. ಆದರೂ ನಿಮ್ಮ ಪಟ್ಟಿಯಲ್ಲಿ ಬಂದಿದ್ದೆಲ್ಲ ನಿಮ್ಮ ರುಚಿ ನೋಡಿಯೇ ಬಂದಿದೆ ಅಂದುಕೊಳ್ಳಬೇಡಿ.

ಅಂದರೆ ಆ್ಯಪ್ ಮೋಸ ಮಾಡುತ್ತಿದೆಯಾ? ನನಗೆ ಹಾಗನ್ನಿಸುವುದಿಲ್ಲ. ನೀವು ಕೇಳುತ್ತಿರುವುದು ‘ನನಗೆ ಮುಂದೆ ಏನು ಇಷ್ಟವಾದೀತು?’ ಅಂತ. ಅದು ಉತ್ತರಿಸುತ್ತಿರುವುದು ‘ಇವರು ಯಾವ ಹಾಡನ್ನು ಮಧ್ಯದಲ್ಲಿ ನಿಲ್ಲಿಸುವುದಿಲ್ಲ?’ ಅನ್ನುವ ಪ್ರಶ್ನೆಗೆ. ಅಡುಗೆ ಮಾಡುವಾಗ, ಗಾಡಿ ಓಡಿಸುವಾಗ ಅಷ್ಟು ಸಾಕು. ಹೊಸದು ಹುಡುಕಲು ಸಾಲದು.

ಒಮ್ಮೊಮ್ಮೆ ಯಂತ್ರವೂ ಅದ್ಭುತ ಮಾಡುತ್ತದೆ, ಇಲ್ಲ ಅನ್ನಲಾರೆ. ಜಪಾನಿನ ಮಾರಿಯಾ ತಾಕೆಉಚಿ ಹಾಡಿದ ‘ಪ್ಲಾಸ್ಟಿಕ್ ಲವ್’ 1984ರದು. ಜಪಾನಿನ ಹೊರಗೆ ಅದು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 2017ರಲ್ಲಿ ಯಾರೋ ಅಭಿಮಾನಿ ಯೂಟ್ಯೂಬ್‌ಗೆ ಹಾಕಿದರು. ಯೂಟ್ಯೂಬ್ ಅದನ್ನು ಎಲ್ಲರ ಪಕ್ಕದ ಪಟ್ಟಿಗೂ ತಳ್ಳತೊಡಗಿತು. ಕೋಟಿಗಟ್ಟಲೆ ಜನ ಕೇಳಿದರು. ಅದರ ಬೆನ್ನಿಗೆ ಆ ಕಾಲದ ಜಪಾನೀ ಪಾಪ್ ಇಡಿಯಾಗಿ ಹೊಸ ಕೇಳುಗರನ್ನು ಕಂಡಿತು. ಆದರೆ ಹಾಗಾಗಲಿ ಅಂತ ಕಾಯುತ್ತಾ ಕೂರುವುದು ಹುಡುಕಾಟ ಆಗುವುದಿಲ್ಲ ಅಲ್ವಾ?

ಮಗಳ ವಿಷಯ ಚಿಕ್ಕದು, ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಅಕೌಂಟಿನಲ್ಲಿ ಇಬ್ಬರು ಕೇಳಿದರೆ ಆ್ಯಪಿಗೆ ಕಾಣುವುದು ಇಬ್ಬರನ್ನೂ ಬೆರೆಸಿದ ಒಬ್ಬ ವಿಚಿತ್ರ ಮನುಷ್ಯ. ಆ ಮನುಷ್ಯನಿಗಾಗಿ ಮಾಡಿದ ಪಟ್ಟಿ ಇಬ್ಬರಿಗೂ ಹಿಡಿಸುವುದಿಲ್ಲ. ಫ್ಯಾಮಿಲಿ ಪ್ಲಾನ್ ತಗೊಂಡು ಬೇರೆ ಬೇರೆ ಅಕೌಂಟ್ ಮಾಡಿಕೊಳ್ಳಿ. ಆಗದಿದ್ದರೆ, ಸ್ಪಾಟಿಫೈಯಲ್ಲಿ ಯಾವುದೇ ಪ್ಲೇಲಿಸ್ಟನ್ನು ನಿಮ್ಮ ರುಚಿಯ ಲೆಕ್ಕದಿಂದ ಹೊರಗಿಡುವ ಆಯ್ಕೆ ಇದೆ, ಪ್ರೈವೇಟ್ ಸೆಷನ್ ಕೂಡ ಇದೆ. ಯೂಟ್ಯೂಬ್‌ನಲ್ಲಿ ಹಿಸ್ಟರಿ ನಿಲ್ಲಿಸಿಡಬಹುದು. ಮತ್ತೆ, ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ಈ ಉತ್ತರದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನೇ ಮಾಡಿ. ಆಲ್ಬಂ ಮುಗಿದಾಗ ಸದ್ದು ನಿಲ್ಲಬೇಕು. ನಿಂತರೆ ಮಾತ್ರ ‘ಈಗ ಏನು ಕೇಳೋಣ?’ ಅಂತ ನೀವೇ ಯೋಚಿಸುತ್ತೀರಿ.

ಸರಿ, ಯಂತ್ರವನ್ನು ಬಿಟ್ಟರೆ ಇನ್ನೇನು ದಾರಿ? ನನ್ನ ಉತ್ತರ ಬಹಳ ಹಳೆಯದು: ಹೆಸರು ಓದಿ. ಹಿಂದೆ ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ, ಎಲ್.ಪಿ.ಯ ಬೆನ್ನಿನಲ್ಲಿ ಸಣ್ಣ ಅಕ್ಷರದಲ್ಲಿ ಹೆಸರುಗಳಿರುತ್ತಿದ್ದವು. ಬಾಸ್ ನುಡಿಸಿದ್ದು ಯಾರು, ರೆಕಾರ್ಡ್ ಮಾಡಿದ್ದು ಯಾರು, ಯಾವ ಲೇಬಲ್ ಅಂತ. ಆ್ಯಪ್‌ಗಳು ಅದನ್ನು ಮೂರು ಚುಕ್ಕೆಗಳ ಹಿಂದೆ ಎಲ್ಲೋ ಬಚ್ಚಿಟ್ಟಿವೆ. ಒತ್ತಿದರೆ ‘ಕ್ರೆಡಿಟ್ಸ್’ ಬರುತ್ತದೆ, ಅದೂ ಅರ್ಧಂಬರ್ಧ. ಪೂರ್ತಿ ವಿವರ ಬೇಕಿದ್ದರೆ ಡಿಸ್ಕಾಗ್ಸ್ ಇದೆ. 2000ದಲ್ಲಿ ಒಬ್ಬ ವ್ಯಕ್ತಿ ಎಲೆಕ್ಟ್ರಾನಿಕ್ ರೆಕಾರ್ಡ್‌ಗಳಿಗಾಗಿ ಶುರು ಮಾಡಿದ ಪಟ್ಟಿ ಅದು. ಈಗ ಎಲ್ಲ ಥರದ ಸಂಗೀತದ ಲಕ್ಷಾಂತರ ರೆಕಾರ್ಡ್‌ಗಳ ವಿವರ ಅಲ್ಲಿದೆ, ಬರೆದವರೆಲ್ಲ ಬಳಕೆದಾರರೇ. ಮ್ಯೂಸಿಕ್‌ಬ್ರೇನ್ಜ್ ಕೂಡ ಅದೇ ಬಗೆಯದು.

ಒಂದು ಉದಾಹರಣೆ ಕೊಡುತ್ತೇನೆ, ಬೇಕಿದ್ದರೆ ಇವತ್ತೇ ನಡೆದು ನೋಡಿ. ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1959ರ ‘ಕೈಂಡ್ ಆಫ್ ಬ್ಲೂ’ ಜಾಜ್ ಕೇಳದವರಿಗೂ ಗೊತ್ತಿರುವ ಆಲ್ಬಂ. ಅದರಲ್ಲಿ ಟೆನರ್ ಸ್ಯಾಕ್ಸೊಫೋನ್ ನುಡಿಸಿದ್ದು ಜಾನ್ ಕೋಲ್ಟ್ರೇನ್. ಕೋಲ್ಟ್ರೇನ್ ಹೆಸರು ಹಿಡಿದು ಹೋದರೆ ಅವರ ಕೊನೆಯ ವರ್ಷಗಳ ಬ್ಯಾಂಡಿನಲ್ಲಿ ಇಬ್ಬರು ಸಿಗುತ್ತಾರೆ. ಒಬ್ಬರು ಪಿಯಾನೊ ನುಡಿಸಿದ ಅವರ ಹೆಂಡತಿ ಆಲಿಸ್, ಇನ್ನೊಬ್ಬರು ಫ್ಯಾರೋ ಸ್ಯಾಂಡರ್ಸ್ ಅನ್ನುವ ಸ್ಯಾಕ್ಸ್ ವಾದಕ. ಕೋಲ್ಟ್ರೇನ್ 1967ರಲ್ಲಿ ತೀರಿಕೊಂಡರು. ಆಮೇಲೆ ಆಲಿಸ್ ಹಾರ್ಪ್ ನುಡಿಸುತ್ತಾ ತಮ್ಮದೇ ಸಂಗೀತ ಮಾಡಿದರು. 1971ರ ‘ಜರ್ನಿ ಇನ್ ಸಚ್ಚಿದಾನಂದ’ ಕೇಳಿ. ಅಡಿಯಲ್ಲಿ ತಂಬೂರಿಯ ಶ್ರುತಿ, ಮೇಲೆ ಹಾರ್ಪ್, ಜೊತೆಗೆ ಸ್ಯಾಂಡರ್ಸ್ ಅವರ ಸ್ಯಾಕ್ಸ್. ಈಗ ಸ್ಯಾಂಡರ್ಸ್ ಹೆಸರು ಹಿಡಿದು ಒಂದೇ ಹಾರು ಹಾರಿ. 2021ಕ್ಕೆ ಬಂದುಬಿಡುತ್ತೀರಿ. ಫ್ಲೋಟಿಂಗ್ ಪಾಯಿಂಟ್ಸ್ ಅನ್ನುವ ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ ಮತ್ತು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಅವರು ನುಡಿಸಿದ ‘ಪ್ರಾಮಿಸಸ್’. ಬಂದಾಗ ಅವರಿಗೆ 80. ಮುಕ್ಕಾಲು ಗಂಟೆಯ ಸಂಗೀತ, ಏಳು ಸ್ವರಗಳ ಒಂದು ಚಿಕ್ಕ ತುಣುಕು ಉದ್ದಕ್ಕೂ ಸುಳಿಯುತ್ತಿರುತ್ತದೆ.

ನಾಲ್ಕೇ ಹೆಸರು, ಅರವತ್ತು ವರ್ಷ, ಜಾಜ್‌ನಿಂದ ಎಲೆಕ್ಟ್ರಾನಿಕ್‌ವರೆಗೆ. ಈ ಆಲ್ಬಂಗಳು ಒಂದರಂತೆ ಇನ್ನೊಂದಿಲ್ಲ, ಅದೇ ಇದರ ಸೊಗಸು. ಹೋಲಿಕೆ ಹುಡುಕುವ ಯಂತ್ರ ಮೊದಲನೆಯದರಿಂದ ಕೊನೆಯದಕ್ಕೆ ನಿಮ್ಮನ್ನು ಕರೆದೊಯ್ಯುವುದು ಕಷ್ಟ. ಮನುಷ್ಯರು ಹಾಗಲ್ಲ, ಬೇಸರವಾದಾಗ ಬೇರೆ ಕಡೆ ಹೋಗುತ್ತಾರೆ, ವಿಚಿತ್ರ ಗೆಳೆತನ ಮಾಡುತ್ತಾರೆ. ಅವರ ಹಿಂದೆ ಹೋದರೆ ನೀವೂ ಅಲ್ಲಿಗೆ ತಲುಪುತ್ತೀರಿ.

ದಾರಿ ಇಲ್ಲಿಗೂ ಮುಗಿಯುವುದಿಲ್ಲ. ‘ಪ್ರಾಮಿಸಸ್’ ತಂದ ಲೇಬಲ್ ಲುವಾಕಾ ಬಾಪ್. ಶುರು ಮಾಡಿದ್ದು ಟಾಕಿಂಗ್ ಹೆಡ್ಸ್ ಬ್ಯಾಂಡಿನ ಡೇವಿಡ್ ಬರ್ನ್. 1989ರಲ್ಲಿ ಬ್ರೆಜಿಲ್ ಹಾಡುಗಳ ಸಂಗ್ರಹದಿಂದ ಆರಂಭಿಸಿದವರು, 2013ರಲ್ಲಿ ವಿಲಿಯಂ ಒನ್ಯೇಬೋರ್ ಅನ್ನುವ ನೈಜೀರಿಯಾದ ಸಂಗೀತಗಾರನ ಹಳೇ ಹಾಡುಗಳನ್ನು ಹೊರತಂದರು. ಈ ಮನುಷ್ಯ 1970ರ ದಶಕದ ಕೊನೆಯಿಂದ 1985ರವರೆಗೆ ಸಿಂಥಸೈಜರ್ ಇಟ್ಟುಕೊಂಡು ಕುಣಿಸುವಂಥ ಆಲ್ಬಂಗಳನ್ನು ತಾನೇ ಪ್ರಕಟಿಸಿ, ಆಮೇಲೆ ದೇವರ ಕಡೆ ತಿರುಗಿ ಸಂಗೀತದ ಬಗ್ಗೆ ಮಾತಾಡುವುದನ್ನೇ ಬಿಟ್ಟಿದ್ದ. ಒಳ್ಳೆಯ ಸಣ್ಣ ಲೇಬಲ್ ಅಂದರೆ ಹೀಗೆ. ಅದರ ಹಿಂದೆ ಒಬ್ಬರದೋ ಇಬ್ಬರದೋ ಕಿವಿ ಇರುತ್ತದೆ. ಆ ಕಿವಿ ಆರಿಸಿದ ಒಂದು ರೆಕಾರ್ಡ್ ಹಿಡಿಸಿದರೆ ಮಿಕ್ಕದ್ದನ್ನೂ ಕಣ್ಣುಮುಚ್ಚಿ ಕೇಳಬಹುದು. ನಿಶ್ಶಬ್ದ ಇಷ್ಟಪಡುವವರಿಗೆ 1969ರಿಂದ ಮ್ಯೂನಿಕ್‌ನಲ್ಲಿರುವ ಇಸಿಎಂ. ಮರೆತುಹೋದ ಅಮೆರಿಕನ್ ಸೋಲ್ ಬೇಕಿದ್ದವರಿಗೆ ಶಿಕಾಗೊದ ನ್ಯೂಮರೊ ಗ್ರೂಪ್. ಹಳೇ ಆಫ್ರಿಕನ್ ಡ್ಯಾನ್ಸ್ ಬ್ಯಾಂಡ್‌ಗಳಿಗೆ ಅನಲಾಗ್ ಆಫ್ರಿಕಾ. ಹೆಸರುಗಳು ಎಷ್ಟು ಬೇಕಾದರೂ ಇವೆ, ಮೂರು ಸಾಕು.

ಕ್ಯಾಸೆಟ್ ಮಾತು ಬಂತಲ್ಲ, ಹೈಲು ಮೆರ್ಗಿಯಾ ಕಥೆ ಹೇಳದೆ ಮುಂದೆ ಹೋಗಲಾರೆ. ಇಥಿಯೋಪಿಯಾದ ವಾಲಿಯಾಸ್ ಬ್ಯಾಂಡಿನ ಕೀಬೋರ್ಡ್ ವಾದಕ. 1980ರ ದಶಕದ ಆರಂಭದಲ್ಲಿ ಬ್ಯಾಂಡಿನ ಜೊತೆ ಅಮೆರಿಕಕ್ಕೆ ಹೋದವರು ಅಲ್ಲೇ ಉಳಿದರು. 1985ರಲ್ಲಿ ಅಕಾರ್ಡಿಯನ್, ಸಿಂಥ್, ಡ್ರಮ್ ಮಷೀನ್ ಎಲ್ಲವನ್ನೂ ಒಬ್ಬರೇ ನುಡಿಸಿ ಒಂದು ಕ್ಯಾಸೆಟ್ ಮಾಡಿದರು. ಆಮೇಲೆ ವಾಷಿಂಗ್ಟನ್‌ನ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಓಡಿಸುತ್ತಾ ಇದ್ದುಬಿಟ್ಟರು. ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ ಅನ್ನುವ ಬ್ಲಾಗು, ಲೇಬಲ್ ನಡೆಸುವ ಬ್ರಯನ್ ಶಿಮ್ಕೊವಿಟ್ಜ್‌ಗೆ ಇಥಿಯೋಪಿಯಾದಲ್ಲಿ ಆ ಕ್ಯಾಸೆಟ್ ಸಿಕ್ಕಿತು. ಕೇಳಿ ಬೆರಗಾಗಿ, ಮೆರ್ಗಿಯಾ ಅವರನ್ನು ಹುಡುಕಿ ಮಾತಾಡಿಸಿ, 2013ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ಮೆರ್ಗಿಯಾ ಮತ್ತೆ ವೇದಿಕೆ ಹತ್ತಿದರು, ಹೊಸ ಆಲ್ಬಂ ಮಾಡಿದರು. ಆ ಕ್ಯಾಸೆಟ್ ಇಂಟರ್‌ನೆಟ್ಟಿನಲ್ಲಿ ಇರಲೇ ಇಲ್ಲ ಅಂದಮೇಲೆ ಯಾವ ಪಟ್ಟಿ ಅದನ್ನು ಸೂಚಿಸೀತು? ಯಾರೋ ಒಬ್ಬರು ಕೈಯಾರೆ ಎತ್ತಿಕೊಳ್ಳಲೇಬೇಕಿತ್ತು. ಎತ್ತಿಕೊಂಡ ಮೇಲೆ ಅದನ್ನು ಜಗತ್ತಿಗೆಲ್ಲ ಮುಟ್ಟಿಸಿದ್ದು ಇದೇ ಇಂಟರ್‌ನೆಟ್ಟು, ಅದನ್ನೂ ಹೇಳಬೇಕು.

ಇಂಥ ಕೈಗಳನ್ನು ಹುಡುಕಲು ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಬ್ಯಾಂಡ್‌ಕ್ಯಾಂಪ್. 2008ರಿಂದ ಇದೆ. ಕಲಾವಿದರು ನೇರವಾಗಿ ಮಾರುತ್ತಾರೆ, ಡಿಜಿಟಲ್ ಆಲ್ಬಂ ಮಾರಿದರೆ ಕಂಪನಿ ಮುರಿದುಕೊಳ್ಳುವುದು ಸಾಮಾನ್ಯವಾಗಿ ಶೇ. 15. ಅಲ್ಲಿ ಒಂದು ಸಣ್ಣ ಸೌಲಭ್ಯವಿದೆ, ಬಹಳ ಜನ ಗಮನಿಸುವುದಿಲ್ಲ. ಆಲ್ಬಂನ ಪಕ್ಕ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳಿರುತ್ತವೆ. ಒಬ್ಬರ ಮೇಲೆ ಒತ್ತಿದರೆ ಅವರು ಕೊಂಡ ಬೇರೆ ಆಲ್ಬಂಗಳೆಲ್ಲ ಕಾಣುತ್ತವೆ. ನಿಮಗೆ ತುಂಬಾ ಹಿಡಿಸಿದ, ಆದರೆ ಕೆಲವೇ ಜನ ಕೊಂಡಿರುವ ಒಂದು ಆಲ್ಬಂ ತೆಗೆದುಕೊಳ್ಳಿ. ಕೊಂಡವರಲ್ಲಿ ಎರಡು ಸಾಲು ಬರೆದವರು ಯಾರಾದರೂ ಇದ್ದಾರಾ ನೋಡಿ. ಅವರ ಕಪಾಟು ತೆರೆಯಿರಿ. ಕೈಯಿಂದ ದುಡ್ಡು ಕೊಟ್ಟು ಕೊಂಡಿದ್ದಕ್ಕೂ, ಸುಮ್ನೆ ಓಡಿಸಿದ್ದಕ್ಕೂ ತೂಕದಲ್ಲಿ ವ್ಯತ್ಯಾಸವಿದೆ. ಲಾಸ್ಟ್.ಎಫ್ಎಂ ಮಾಡುತ್ತಿದ್ದುದೂ ಸುಮಾರು ಇದೇ, ಆದರೆ ಇಲ್ಲಿ ಲೆಕ್ಕ ಹಾಕುವವರು ನೀವು.

ಎರಡನೆಯದು ರೇಡಿಯೊ. ನಗಬೇಡಿ. ಮನುಷ್ಯರು ಕೂತು ಹಾಡು ಆರಿಸುವ ರೇಡಿಯೊಗಳು ಇನ್ನೂ ಇವೆ, ಇಂಟರ್‌ನೆಟ್ ಬಂದಮೇಲೆ ಎಲ್ಲಿ ಬೇಕಾದರೂ ಕೇಳಬಹುದು. ಬಿಬಿಸಿ ರೇಡಿಯೊ 1ರಲ್ಲಿ ಜಾನ್ ಪೀಲ್ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಇದನ್ನೇ ಮಾಡಿದರು. ಪಂಕ್ ಹಾಡಿನ ಪಕ್ಕ ರೆಗೆ, ಅದರ ಪಕ್ಕ ಆಫ್ರಿಕಾದ ಗಿಟಾರು. ಈಗ ಅದೇ ಮನಸ್ಸಿನ ಸ್ಟೇಷನ್ ಬೇಕಿದ್ದರೆ ಅಮೆರಿಕದ ನ್ಯೂಜೆರ್ಸಿಯ ಡಬ್ಲ್ಯುಎಫ್ಎಂಯು ಕೇಳಿ. ಜಾಹೀರಾತಿಲ್ಲ, ಕೇಳುಗರ ದುಡ್ಡಿನಲ್ಲಿ ನಡೆಯುತ್ತದೆ, ಏನು ಹಾಕಬೇಕು ಅನ್ನುವುದು ಡಿಜೆಯ ಇಷ್ಟ. ಹಳೇ ಕಾರ್ಯಕ್ರಮಗಳು, ಹಾಡಿನ ಪಟ್ಟಿ ಸಮೇತ, ಅವರ ಸೈಟಿನಲ್ಲಿ ಸಿಗುತ್ತವೆ. 2011ರಲ್ಲಿ ಲಂಡನ್‌ನಲ್ಲಿ ಶುರುವಾದ ಎನ್‌ಟಿಎಸ್, ಸಿಯಾಟಲ್‌ನ ಕೆಇಎಕ್ಸ್‌ಪಿ, 1971ರಿಂದ ನಡೆಯುತ್ತಿರುವ ಫ್ರಾನ್ಸಿನ ಫಿಪ್, ಇವೂ ಒಳ್ಳೆಯವೇ. ಯಾವುದೂ ಬೇಡ, ಅಲೆದಾಡಬೇಕು ಅನ್ನಿಸಿದರೆ ರೇಡಿಯೊ ಗಾರ್ಡನ್ ತೆರೆಯಿರಿ. ಭೂಗೋಳ ತಿರುಗಿಸಿ ಚುಕ್ಕೆ ಒತ್ತಿದರೆ ಆ ಊರಿನ ಸ್ಟೇಷನ್ ಆ ಕ್ಷಣದಲ್ಲಿ ಹಾಡುತ್ತಿರುವುದು ಕೇಳುತ್ತದೆ.

ಡಿಜೆಯಿಂದ ಆಗುವ ದೊಡ್ಡ ಉಪಕಾರ ಏನು ಗೊತ್ತಾ? ನಿಮಗೆ ಹಿಡಿಸದ್ದನ್ನೂ ಹಾಕುತ್ತಾರೆ. ನೀವು ಸ್ಕಿಪ್ ಮಾಡುವ ಹಾಗಿಲ್ಲ. ಒಂದು ಗಂಟೆಯಲ್ಲಿ ಎಂಟು ಹಾಡು ಬೇಡವಾದರೂ ಒಂಬತ್ತನೆಯದು ಕೂತಲ್ಲಿಂದ ಏಳಿಸುತ್ತದೆ. ಅಂಥ ಡಿಜೆ ಒಬ್ಬರು ಸಿಕ್ಕರೆ ಸ್ಟೇಷನ್ನಿಗಿಂತ ಅವರ ಹೆಸರನ್ನು ನೆನಪಿಟ್ಟುಕೊಳ್ಳಿ.

ಈಗ ಅರ್ಧ ಗಂಟೆಯ ಲೆಕ್ಕ. ದಿನಾ ಹೊಸದು ಹುಡುಕಲು ಹೋಗಬೇಡಿ, ಸುಸ್ತಾಗುತ್ತೀರಿ. ಹುಡುಕುವುದಕ್ಕೆ ವಾರಕ್ಕೆ ಒಂದು ದಿನ ಸಾಕು. ಆ ದಿನ ಒಂದು ಹೆಸರು ಹಿಡಿದು ಎರಡು ಹೆಜ್ಜೆ ನಡೆಯಿರಿ, ಒಂದು ಆಲ್ಬಂ ಆರಿಸಿಕೊಳ್ಳಿ. ಉಳಿದ ದಿನಗಳಲ್ಲಿ ಅದನ್ನೇ ಕೇಳಿ. ಮೊದಲ ಸಲ ಬೇರೆ ಕೆಲಸ ಮಾಡುತ್ತಾ ಕೇಳಿದರೂ ಪರವಾಗಿಲ್ಲ. ಎರಡನೇ ಸಲ ಫೋನ್ ದೂರ ಇಟ್ಟು ಕೂತು ಕೇಳಿ. ಮೂರನೇ ಸಲಕ್ಕೆ ಯಾವುದೋ ಒಂದು ತುಣುಕು ಬರುವ ಮುಂಚೆಯೇ ನಿಮಗೆ ಗೊತ್ತಾಗಿರುತ್ತದೆ. ಕಾಲೇಜಿನಲ್ಲಿ ಆಗುತ್ತಿದ್ದುದು ಅದೇ. ಮೂರು ಸಲ ಕೇಳಿದ ಮೇಲೂ ಏನೂ ಆಗಲಿಲ್ಲವಾ, ಬಿಟ್ಟುಬಿಡಿ, ಸಂಕೋಚ ಬೇಡ. ಎಲ್ಲರೂ ಹೊಗಳಿದ ಆಲ್ಬಂ ಆದರೂ ಬಿಡಿ. ಹಿಡಿಸಿದ್ದರ ಹೆಸರು, ಅದು ಹೇಗೆ ಸಿಕ್ಕಿತು ಅನ್ನುವುದನ್ನು ಒಂದು ಕಡೆ ಬರೆದಿಡಿ. ಹೇಗೆ ಸಿಕ್ಕಿತು ಅನ್ನುವುದೇ ಮುಖ್ಯ. ಕೆಲವು ತಿಂಗಳಾದ ಮೇಲೆ ನೋಡಿದರೆ ಯಾವ ಲೇಬಲ್, ಯಾವ ಡಿಜೆ, ಯಾವ ಗೆಳೆಯರ ಮಾತು ನಿಮಗೆ ಸರಿಹೊಂದುತ್ತದೆ ಅಂತ ಕಾಣುತ್ತದೆ. ಆಗ ಹುಡುಕುವ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಸಿನಿಮಾ ನೋಡುವಾಗಲೋ ಹೊರಗೆಲ್ಲೋ ಕೂತಾಗಲೋ ಹಾಡು ಸೆಳೆದರೆ, ಕೇಳಿಸಿದ ಹಾಡು ಯಾವುದು ಅಂತ ಹೇಳುವ ಶಜಾಮ್ ಆ್ಯಪ್ ಹಾಕಿ ಹೆಸರು ಹಿಡಿದುಕೊಳ್ಳಿ. ಆದರೆ ಶಜಾಮ್ ಪಟ್ಟಿ ಬೆಳೆಸಿಟ್ಟು ತೆರೆದೇ ನೋಡದವರೇ ಜಾಸ್ತಿ, ಅದೊಂದು ಎಚ್ಚರ.

ಮಗಳನ್ನೂ ಕೇಳಿ. ಅವಳು ಕೇಳುವ ಹಾಡುಗಳಲ್ಲಿ ಅವಳಿಗೆ ತುಂಬಾ ಇಷ್ಟವಾದ ಒಂದು ಆಲ್ಬಂ ಕೊಡು ಅನ್ನಿ, ಮೂರು ಸಲದ ನಿಯಮ ಅದಕ್ಕೂ ಇರಲಿ. ಪ್ಲೇಲಿಸ್ಟ್ ಕೇಳಬೇಡಿ, ಆಲ್ಬಂ ಕೇಳಿ.

ಕೊನೆಗೆ ಎಐ. ನಿಮ್ಮ ಆತಂಕ ಸುಳ್ಳಲ್ಲ. 2025ರ ಜೂನ್‌ನಲ್ಲಿ ವೆಲ್ವೆಟ್ ಸನ್‌ಡೌನ್ ಅನ್ನುವ ರಾಕ್ ಬ್ಯಾಂಡು ಎಲ್ಲಿಂದಲೋ ಬಂತು. ಒಂದೂವರೆ ತಿಂಗಳೊಳಗೆ ಮೂರು ಆಲ್ಬಂ. ಸ್ಪಾಟಿಫೈಯಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೇಳುಗರು. ಆಮೇಲೆ ಅದು ಎಐ ಬಳಸಿ ಮಾಡಿದ್ದು ಅಂತ ಬ್ಯಾಂಡಿನ ಪುಟದಲ್ಲೇ ಬರೆದುಕೊಂಡರು. ಫ್ರಾನ್ಸಿನ ಡೀಜರ್ ಆ್ಯಪ್ ಅದೇ ವರ್ಷ ಎಐ ಹಾಡುಗಳಿಗೆ ಗುರುತಿನ ಚೀಟಿ ಅಂಟಿಸಲು ಶುರು ಮಾಡಿತು. ತನ್ನಲ್ಲಿಗೆ ಅಂಥ ಹಾಡುಗಳು ದಿನಕ್ಕೆ ಸಾವಿರಾರು ಲೆಕ್ಕದಲ್ಲಿ ಬರುತ್ತಿವೆ ಅಂತಲೂ ಹೇಳಿತು.

ಕಿವಿಯಿಂದ ಗುರುತಿಸಲು ಹೋಗಬೇಡಿ, ದಿನದಿಂದ ದಿನಕ್ಕೆ ಅದು ಕಷ್ಟವಾಗುತ್ತಿದೆ. ಇಲ್ಲೂ ಹೆಸರು ಓದಿ. ಡ್ರಮ್ಸ್ ಯಾರು ನುಡಿಸಿದ್ದು, ಎಲ್ಲಿ ರೆಕಾರ್ಡ್ ಆಯಿತು, ಮುಂಚೆ ಯಾವ ಬ್ಯಾಂಡಿನಲ್ಲಿದ್ದರು? ವೇದಿಕೆಯಲ್ಲಿ ನುಡಿಸಿದ ಒಂದು ವಿಡಿಯೊ, ಯಾರೋ ಅಭಿಮಾನಿ ಅಲುಗಾಡುವ ಕೈಯಲ್ಲಿ ಹಿಡಿದದ್ದಾದರೂ ಇದೆಯಾ? ಡಿಸ್ಕಾಗ್ಸ್‌ನಲ್ಲಿ ಹೆಸರಿದೆಯಾ? ಇದರಲ್ಲಿ ಯಾವುದೂ ಇಲ್ಲದೆ ಕೆಲವೇ ವಾರಗಳಲ್ಲಿ ಹಲವು ಆಲ್ಬಂ ಬಂದಿದ್ದರೆ ಅನುಮಾನ ಪಡಿ. ಒಂದು ಎಚ್ಚರಿಕೆ: ಕೋಣೆಯಲ್ಲಿ ಒಬ್ಬರೇ ಕೂತು ಎಲ್ಲವನ್ನೂ ತಾವೇ ನುಡಿಸುವ ಹೊಸಬರಿಗೂ ಹೆಸರುಗಳ ಪಟ್ಟಿ ಇರುವುದಿಲ್ಲ. ಅಂಥವರನ್ನು ಅನ್ಯಾಯವಾಗಿ ತಳ್ಳಿಹಾಕಬೇಡಿ. ಅವರ ಹಳೇ ಹಾಡುಗಳ ತಾರೀಖು ನೋಡಿ. ವರ್ಷಗಳ ಅಂತರ, ಮೊದಲು ಕಚ್ಚಾ ಇದ್ದು ಆಮೇಲೆ ಪಳಗಿದ ಕೈ, ಇವು ಕಾಣುತ್ತವೆ. ಎಐ ಅಂತ ಖಾತ್ರಿಯಾಗಿ, ನಿಮಗೆ ಬೇಡ ಅನ್ನಿಸಿದರೆ, ಸ್ಪಾಟಿಫೈಯಲ್ಲಿ ಆ ಕಲಾವಿದರ ಪುಟಕ್ಕೆ ಹೋಗಿ ಮೂರು ಚುಕ್ಕೆ ಒತ್ತಿ. ಈ ಕಲಾವಿದರನ್ನು ಹಾಕಬೇಡ ಅನ್ನುವ ಆಯ್ಕೆ ಅಲ್ಲೇ ಇದೆ.